ತಳದಲ್ಲೊಂದು ಗೀರು

ಮಾರ್ಸೆಲ್ ಪಾಯ್ಸರಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಮಾತ್ರ ಅದು ಸುಲಭಕ್ಕೆ ಇಳಿಯುವ ಜಾತಿಯದಲ್ಲ.

ಶಿರ್ವದ ಈ ಮನುಷ್ಯ ದುಬೈಯಲ್ಲಿ ಜೆಬೆಲ್ ಅಲಿಯಾಚೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಹದಿನೆಂಟು ವರ್ಷದಿಂದ ರಿವಾಲ್ವರಿನ ತೋಟೆ ತುಂಬುತ್ತಿದ್ದಾರೆ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು, ತಣಿದ ಗುಂಡುಗಳನ್ನು ಒಂದೊಂದಾಗಿ ತೂಗುವುದು, ಸರಿಯಿದ್ದವನ್ನು ಮಾತ್ರ ತೋಟೆಗೆ ಕೂರಿಸುವುದು. ತೂಕ ಕೂದಲಷ್ಟು ತಪ್ಪಿದರೂ, ಮೈಮೇಲೆ ಸುಕ್ಕು ಕಂಡರೂ ಅಂಥ ಗುಂಡಿನ ತಳಕ್ಕೆ ಮೊಳೆಯಿಂದ ಒಂದು ಗೀರು ಎಳೆದು ಖರ್ಜೂರದ ಡಬ್ಬಿಗೆ ಹಾಕುತ್ತಾರೆ. ಡಬ್ಬಿ ತುಂಬಿದಾಗ ಮತ್ತೆ ಕರಗಿಸುತ್ತಾರೆ. ಗೀರಿನ ವಿಷಯ ಅವರಾಗಿ ಹೇಳಿರಲಿಲ್ಲ, ಕೇಳುವ ಪುಣ್ಯಾತ್ಮರೂ ಯಾರೂ ಇರಲಿಲ್ಲ.

ಮೊನ್ನೆ ಶುಕ್ರವಾರ ಸ್ಪರ್ಧೆ. ಕ್ಲಬ್ಬಿನ ಮಾಲೀಕರೇ ರಿವಾಲ್ವರ್ ಹಿಡಿದು ನಿಂತಿದ್ದರು. ಆರು ಗುಂಡು ಆರು ದಿಕ್ಕಿಗೆ ಹೋದವು. ಮಾಲೀಕರು ತಿರುಗಿ ನೋಡಿದ್ದೇ ತಡ, ಉಡುಪಿ ಕಡೆಯ ಸೂಪರ್‌ವೈಸರ್ ಸುಜಿತ್ ನಾಲ್ಕು ದೇಶದ ಜನರೆದುರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ: ಪಾಯ್ಸರ ಕಣ್ಣು ಹೋಗಿದೆ, ಕೈ ನಡುಗುತ್ತದೆ, ಇನ್ನು ವೀಸಾ ನವೀಕರಿಸುವುದು ಬೇಡ.

ಪಾಯ್ಸರ ಮೈ ಉರಿದುಹೋಯಿತು. ಹಿಂದಿನ ದಿನ ಅದೇ ನವೀಕರಣದ ಮೆಡಿಕಲ್‌ಗೆಂದು ಅವರು ರಜೆಯಲ್ಲಿದ್ದರು. ತೋಟೆ ತುಂಬುವ ತಮ್ಮ ಕೋಣೆಗೆ ಹೋಗಿ ನೋಡಿದರೆ ಖರ್ಜೂರದ ಡಬ್ಬಿ ಖಾಲಿ. ಕೋಣೆಯ ಇನ್ನೊಂದು ಬೀಗದ ಕೈ ಇರುವುದು ಸುಜಿತನ ಹತ್ತಿರ ಮಾತ್ರ. ಎಲಾ ಕಳ್ಳ! ತೋಟೆ ಸಾಲದ್ದಕ್ಕೆ ಡಬ್ಬಿಯ ಗುಂಡುಗಳನ್ನೇ ತಾನು ಕೂತು ತುಂಬಿದ್ದಾನೆ, ತಪ್ಪು ಮಾತ್ರ ಮುದುಕನ ತಲೆಗೆ. ಹದಿನೆಂಟು ವರ್ಷದ ಹೆಸರನ್ನು ಇವನು ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡುವುದೇ?

ತೋಟೆಯಿಂದ ಗುಂಡು ಕಳಚುವ ಸುತ್ತಿಗೆ ಹಿಡಿದು ಪಾಯ್ಸರು ವಾಪಸು ಬಂದರು. ಉಳಿದ ತೋಟೆಗಳಲ್ಲಿ ನಾಲ್ಕನ್ನು ಎಲ್ಲರೆದುರೇ ಕಳಚಿ, ಗುಂಡುಗಳನ್ನು ತಳ ಮೇಲಾಗಿ ಮೇಜಿನ ಮೇಲಿಟ್ಟರು. ನಾಲ್ಕಕ್ಕೂ ಗೀರು.

"ಇವು ನಾನು ಬೇಡವೆಂದು ಗೀರೆಳೆದು ತೆಗೆದಿಟ್ಟವು, ಸರ್," ಎಂದು ಇಂಗ್ಲಿಷಿನಲ್ಲೇ ಹೇಳಿದರು. "ನಿನ್ನೆ ನಾನು ರಜೆ. ತುಂಬಿದ್ದು ಯಾರೆಂದು ಇವನನ್ನು ಕೇಳಿ."

ಮಾಲೀಕರು ಗುಂಡೊಂದನ್ನು ಬೆಳಕಿಗೆ ಹಿಡಿದು ನೋಡಿ, ಸುಜಿತನ ಕಡೆ ತಿರುಗಿದರು. ಅವನ ಮುಖ ಬಿಳುಚಿಕೊಂಡಿತು. ಪಾಯ್ಸರ ಹತ್ತಿರ ಸರಿದು, ಸುತ್ತಲಿನವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಪಿಸುಗುಟ್ಟಿದ: "ತಪ್ಪಾಯ್ತು ಅಂಕಲ್, ಬೇಜಾರು ಮಾಡ್ಬೇಡಿ. ಇಲ್ಲಿಗೆ ಬಿಟ್ಬಿಡುವ."

ಪಾಯ್ಸರು ಸುತ್ತಿಗೆ ಕೆಳಗಿಟ್ಟರು.

"ಕನ್ನಡದಲ್ಲಿ ಬೇಡ ಮಾರಾಯ. ನನ್ನ ಕಣ್ಣು ಹೋಗಿದೆ ಅಂತ ಇಂಗ್ಲಿಷಲ್ಲಿ ಬೊಬ್ಬೆ ಹಾಕಿದ್ದಲ್ವಾ? ಇದನ್ನೂ ಇಂಗ್ಲಿಷಲ್ಲೇ ಹೇಳು. ಅಷ್ಟೇ ಗಟ್ಟಿಯಾಗಿ."