ಕೋಲು ಬಿಡದ ಓಜೀತ್

ಓಜೀತ್ ಪೋತ್ಯೇ ಗಂಡನನ್ನು ಮಾತಿನಲ್ಲಿ ಗೆದ್ದದ್ದು ಒಂದೇ ಸಲ, ಅದೂ ಸಮುದ್ರದ ಮೇಲೆ. ಅವಳಿಗೆ ಮಾತು ಬಾರದೆಂದಲ್ಲ. ವೆಜ್‌ಪೋರ್ಟಿನ ದಕ್ಕೆಯಿಂದ ಇಗರ್ಜಿಯವರೆಗೆ ಅವಳ ನಾಲಿಗೆಗೆ ಅಂಜದವರೇ ಇರಲಿಲ್ಲ. ಹುಡುಗಿಯಾಗಿದ್ದಾಗ ಪಾದ್ರಿಗಳ ಬಾತುಕೋಳಿಗಳಿಗೆ ರಮ್ಮಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿ, ಭಾನುವಾರದ ಪೂಜೆಗೆ ಬಂದವರ ಕಾಲಡಿ ಅವು ತೂರಾಡುವಂತೆ ಮಾಡಿದವಳು. ಆದರೆ ಗಂಡ ಸೆವೆರಿನ್‌ನ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು: ಎದ್ದುಹೋಗುವುದು. ಮಾತು ತನಗೆ ಒಗ್ಗದ ಕಡೆ ಹೊರಳಿತೆಂದರೆ, "ದೋಣಿ ನೋಡ್ಕೊಂಡ್ ಬರ್ತೀನಿ" ಎಂದು ಹೊರಟೇಬಿಡುತ್ತಿದ್ದ. ಅಷ್ಟೊಂದು ಸಲ ನೋಡಿಸಿಕೊಂಡ ದೋಣಿ ಆ ಕರಾವಳಿಯಲ್ಲೇ ಇನ್ನೊಂದಿರಲಿಲ್ಲ.

ಮಾತು ಹೆಚ್ಚಾಗಿ ಆಲ್ಫೆಯ ಬಗ್ಗೆಯೇ. ಆಲ್ಫೆ ಸೆವೆರಿನ್‌ನ ತಮ್ಮ, ಒಂಟಿ ಗಂಡಸು. ಹಲ್ಲುನೋವೆಂದು ಎರಡು ದಿನದ ಮಟ್ಟಿಗೆ ಬಂದವನು ಹಲ್ಲು ಹೋದ ಮೇಲೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಮಂಚ ಹಿಡಿದು ಆರು ಚಳಿಗಾಲ ಕಳೆದಿದ್ದ. ಓಜೀತ್ ಆಲೂಗಡ್ಡೆ ತುರಿದು, ಕೋಳಿ ಸೇರಿಸಿ ರಾಪ್ಯೂರ್ ಬೇಯಿಸಿದರೆ, ಅಂಚಿನ ಗರಿಗರಿಯನ್ನೆಲ್ಲ ಮೊದಲು ಕೆರೆದು ತಿನ್ನುತ್ತಿದ್ದವನು ಅವನೇ.

ಯುದ್ಧ ಮುಗಿದ ಮೇಲೆ ಟ್ಯೂನಾ ಎಂಬ ದೈತ್ಯ ಮೀನು ಹಿಡಿಯುವ ಹುಚ್ಚಿನ ಸಾಹೇಬರು ಮತ್ತೆ ಬರತೊಡಗಿದ್ದರು. ಅವರನ್ನು ದ್ವೀಪಗಳ ನಡುವಿನ ಸುಳಿನೀರಿಗೆ ಕರೆದೊಯ್ಯುವುದು ಸೆವೆರಿನ್‌ನ ಸೆಪ್ಟೆಂಬರ್ ತಿಂಗಳ ಕಸುಬು. ಆ ವರ್ಷ ಬೋಸ್ಟನ್ನಿನಿಂದ ಥೇಯರ್ ಎಂಬ ವಕೀಲ ಬಂದಿದ್ದ. ಅವನು ಮೀನಿಗೆ ಹೊರಟ ದಿನವೇ ಓಜೀತ್‌ಗೆ ದ್ವೀಪದಲ್ಲಿದ್ದ ಅಕ್ಕನ ಮನೆಗೆ ಹೋಗಬೇಕಿತ್ತು. ಬೇರೆ ದೋಣಿ ಸಿಕ್ಕಿರಲಿಲ್ಲ. ಟ್ಯೂನಾ ದೋಣಿಗೆ ಹೆಂಗಸು ಕಾಲಿಟ್ಟರೆ ಮೀನು ಮುಖ ತಿರುಗಿಸುತ್ತದೆ ಎನ್ನುವವರಲ್ಲಿ ಸೆವೆರಿನ್ ಮೊದಲಿಗ.

"ಮೂಲೇಲಿ ಕೂತ್ಕೊ. ನೀರಿನ ಕಡೆ ಮುಖ ಹಾಕ್ಬೇಡ," ಎಂದ.

"ದಿನಾ ನಿನ್ ಮುಖ ನೋಡೋ ಮೀನು ಕಣೋ ಅವು. ನಂದು ನೋಡಿದ್ರೆ ಹಬ್ಬ ಮಾಡ್ತವೆ."

ಭರತ ತಿರುಗುವ, ಮೀನು ಕಚ್ಚುವ ಹೊತ್ತಾದ್ದರಿಂದ ಮೊದಲು ಮೀನು, ಆಮೇಲೆ ಅಕ್ಕ ಎಂದಾಯಿತು. ಸೆವೆರಿನ್ ಬಂಗುಡೆಯೊಂದನ್ನು ಗಾಳಕ್ಕೆ ಚುಚ್ಚಿ ಬಿಟ್ಟು, ಗಾಳದ ಕೋಲನ್ನು ದೋಣಿಯ ಹಿಂಬದಿಯ ತಿರುಗುಕುರ್ಚಿಯ ಗೂಟಕ್ಕೆ ಸಿಕ್ಕಿಸಿದ. ಸುಳಿನೀರಿನ ಕುಲುಕಾಟಕ್ಕೆ ಥೇಯರ್ ಸಾಹೇಬ ಮೊದಲು ಬಿಳಿಚಿಕೊಂಡ, ಆಮೇಲೆ ಹಸಿರಾದ, ಕೊನೆಗೆ ಬಕೆಟ್ಟು ಅಪ್ಪಿಕೊಂಡು ಕೆಳಗಿನ ಕೋಣೆಗೆ ಇಳಿದುಹೋದ.

ಮೀನು ಕಚ್ಚಿದ್ದು ಆಗಲೇ. ಕೋಲಿನ ರಾಟೆ ಕಿರುಚುತ್ತ ತಿರುಗಿತು. ಹುರಿ ನೀರನ್ನು ಸೀಳಿಕೊಂಡು ಓಡಿತು. ಎಡಕ್ಕೆ ಬಂಡೆಗಳ ಸಾಲು. ಸೆವೆರಿನ್ ಚುಕ್ಕಾಣಿ ಬಿಟ್ಟರೆ ದೋಣಿ ಚೂರುಚೂರು. ಸಾಹೇಬನನ್ನು ಕೂಗಿದರೆ ಬಕೆಟ್ಟೇ ಉತ್ತರ ಕೊಟ್ಟಿತು.

"ಓಜೀತ್, ಕುರ್ಚೀಲಿ ಕೂತು ಕೋಲು ಹಿಡಿ. ಪಟ್ಟಿ ಬಿಗ್ಕೊ," ಎಂದ ಗತಿಯಿಲ್ಲದೆ.

ಅವಳು ಕೂತಳು, ತೊಗಲಿನ ಪಟ್ಟಿ ಬೆನ್ನಿಗೆ ಬಿಗಿದುಕೊಂಡಳು, ಕಾಲನ್ನು ಹಲಗೆಗೆ ಒತ್ತಿಕೊಟ್ಟಳು. ಮೀನು ಎಳೆದ ರಭಸಕ್ಕೆ ತೋಳು ಬುಡದಿಂದಲೇ ಕಳಚಿ ಹೋಯಿತೇನೋ ಅನ್ನಿಸಿತು. ಹಿಟ್ಟು ನಾದಿ, ಒದ್ದೆ ಕಂಬಳಿ ಹಿಂಡಿ ಗಟ್ಟಿಯಾದ ತೋಳುಗಳು, ಹೇಗೋ ತಡೆದುಕೊಂಡವು. ದೋಣಿ ಬಂಡೆ ದಾಟಿ ತೆರೆದ ನೀರಿಗೆ ಬಂದಾಗ ಸೆವೆರಿನ್ ಓಡಿಬಂದ.

"ಆಯ್ತು ಬಿಡು, ಇನ್ ನಾ ನೋಡ್ಕೋತೀನಿ."

"ಮುಟ್ಬೇಡ. ಮುಟ್ಟಿದ್ರೆ ಮೀನು ಲೆಕ್ಕಕ್ಕಿಲ್ಲ."

ಅವನ ಕೈ ಗಾಳಿಯಲ್ಲೇ ನಿಂತಿತು. ಕೋಲು ಹಿಡಿದವರೇ ಮೀನನ್ನು ದೋಣಿಯ ಪಕ್ಕಕ್ಕೆ ತರಬೇಕು, ಇನ್ನೊಬ್ಬರ ಬೆರಳು ತಾಗಿದರೂ ಅದು ಹಿಡಿದಂತಲ್ಲ: ಆ ಆಟದ ನಿಯಮವದು. ತನ್ನ ದೋಣಿಯಲ್ಲಿ ಅದು ಒಮ್ಮೆಯೂ ಮುರಿದಿಲ್ಲವೆಂದು ಕಂಡಕಂಡವರ ಮನೆಯಲ್ಲೆಲ್ಲ ಕೊಚ್ಚಿಕೊಂಡವನು ಅವನೇ. ಚುಕ್ಕಾಣಿಗೆ ಮರಳಿದ. ಮೀನು ಹೋದ ಕಡೆಗೆಲ್ಲ ದೋಣಿ ತಿರುಗಿಸುವುದಷ್ಟೇ ಅವನಿಗೆ ಉಳಿದ ಕೆಲಸ.

ಓಜೀತ್ ಬೆವರು ಒರೆಸಿಕೊಳ್ಳಲಾಗದೆ ಹುಬ್ಬು ಕುಣಿಸುತ್ತ ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವಳಿಗೊಂದು ವಿಷಯ ಹೊಳೆಯಿತು. ಸುತ್ತ ನೀರು. ಗಂಡ ಆಗಲೇ ದೋಣಿಯಲ್ಲಿದ್ದಾನೆ. ನೋಡಿಕೊಂಡು ಬರಲು ಇನ್ನೊಂದು ದೋಣಿಯಿಲ್ಲ.

"ಸೆವೆರಿನ್, ಆಲ್ಫೆ ಯಾವಾಗ ಹೋಗ್ತಾನೆ?"

"ಹುರಿ ಸುತ್ತು, ಓಜೀತ್. ಸಡಿಲ ಬಿಡ್ಬೇಡ."

"ಸುತ್ತಲ್ಲ. ಮೊದ್ಲು ಹೇಳು."

"ಅವ್ನು ನನ್ ತಮ್ಮ ಕಣೇ. ಎಲ್ಲಿಗ್ ಹೋಗ್ತಾನೆ?"

"ನಿಮ್ಮಪ್ಪನ ಗುಡಿಸಲು ದ್ವೀಪದಲ್ಲಿ ಖಾಲಿ ಬಿದ್ದಿದೆ. ಒಲೆ ಇದೆ, ಸೂರು ಸೋರಲ್ಲ. ನೋಡು, ನನ್ ಜೇಬಲ್ಲಿ ಆಲೂಗಡ್ಡೆ ಹೆಚ್ಚೋ ಚಾಕು ಇದೆ. ಈ ಹುರಿ ಏನ್ ಮಹಾ ದಪ್ಪ ಇದೆ ಅಂತೀಯ?"

ಅಷ್ಟರಲ್ಲಿ ಮೀನು ದೂರದಲ್ಲೊಮ್ಮೆ ಮೇಲಕ್ಕೆ ಬಂದು ಹೊರಳಿತು. ಸೆವೆರಿನ್‌ಗೆ ಅದರ ಬೆನ್ನು ಕಂಡಿತು. ಗಾತ್ರದಲ್ಲಿ ಕರುವಲ್ಲ, ಎತ್ತು.

"ಆಲ್ಫೆ ವಿಷ್ಯ ಮನೇಲಿ ಮಾತಾಡೋಣ."

"ಆಲ್ಫೆ ವಿಷ್ಯ ಮನೇಲಿ ಆರು ವರ್ಷ ಮಾತಾಡಿದೀನಿ, ಗೋಡೆ ಜೊತೆ. ಆಲ್ಫೆ ಹೋಗ್ಬೇಕು. ಸಂತ ಆನ್ ಮೇಲೆ ಆಣೆ ಇಡು."

ಥೇಯರ್ ಸಾಹೇಬ ಕೆಳಗಿನಿಂದ ತಲೆ ಹೊರಗೆ ಹಾಕಿದ್ದು ಆಗ. ಅವನಿಗೆ ಇವರ ಭಾಷೆ ಬಾರದು. ಹೆಂಗಸು ಕುರ್ಚಿಯಲ್ಲಿ ಕೂತು ಆಲ್ಫೆ, ಆಲ್ಫೆ ಎನ್ನುತ್ತಿದ್ದಾಳೆ. ಗಂಡಸು ಎದೆಯ ಮೇಲೆ ಕೈಯಿಟ್ಟು ಸಂತ ಆನ್ ಎನ್ನುತ್ತಿದ್ದಾನೆ. ಮೀನಿಗಾಗಿ ಪ್ರಾರ್ಥನೆ ನಡೆದಿದೆಯೆಂದು ತಿಳಿದು ಭಕ್ತಿಯಿಂದ ಟೋಪಿ ತೆಗೆದ. ಮರುಕ್ಷಣವೇ ಅವನಿಗೆ ಬಕೆಟ್ಟು ಬೇಕಾಯಿತು.

ಆಣೆಯಾದ ಮೇಲೆ ಓಜೀತ್ ಸುತ್ತಿದಳು. ಮೈಯೆಲ್ಲ ನಡುಗುವಂತೆ ಸುತ್ತಿದಳು. ಕೊನೆಗೆ ಮೀನು ದೋಣಿಯ ಪಕ್ಕಕ್ಕೆ ಬಂದು ಮಗ್ಗುಲಾದಾಗ ಅದರ ಬೆನ್ನು ಮಸಿನೀಲಿಯಾಗಿ ಮಿನುಗುತ್ತಿತ್ತು. ತಟ್ಟೆಯಗಲದ ಕಣ್ಣು ಅವಳನ್ನೇ ನೋಡುವಂತಿತ್ತು. ಅವಳ ಗೆಲುವಿನ ನಗು ಇಳಿದುಹೋಯಿತು. ಆಲ್ಫೆಯ ಗೊಡವೆ ಈ ಪ್ರಾಣಿಗೇಕಿತ್ತು, ಪಾಪ? ಹುರಿ ಕತ್ತರಿಸಿ ಬಿಟ್ಟುಬಿಡೋಣವೆಂದು ಚಾಕುವಿಗೆ ಕೈ ಹೋಗಿಯೂ ಹೋಯಿತು. ಆದರೆ ಕೊಟ್ಟ ಮಾತು ಇಬ್ಬರನ್ನೂ ಕಟ್ಟಿಹಾಕಿತ್ತು. ಸೆವೆರಿನ್ ಕೊಕ್ಕೆ ಹಾಕುವಾಗ ಅವಳು ಅತ್ತ ನೋಡಲಿಲ್ಲ.

ಅಕ್ಕನ ಮನೆ ಇನ್ನೊಂದು ದಿನಕ್ಕೆಂದಾಯಿತು. ದಕ್ಕೆಯಲ್ಲಿ ಮೀನನ್ನು ತೂಗುಹಾಕಿದಾಗ ಊರಿಗೆ ಊರೇ ಸೇರಿತು. ಥೇಯರ್ ಸಾಹೇಬ ಕೂದಲು ಬಾಚಿಕೊಂಡು ಬಂದು, ತಾನೂ ಫೋಟೋದಲ್ಲಿ ನಿಲ್ಲಬಹುದೇ ಎಂದು ಸನ್ನೆಯಲ್ಲಿ ಕೇಳಿದ. ಓಜೀತ್ ಕೋಲನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ ಸಾಹೇಬ್ರೇ, ಈಗ ಮುಟ್ಬೋದು," ಎಂದಳು. ಜನ ಯಾಕೆ ನಕ್ಕರೆಂದು ಅವನಿಗೆ ತಿಳಿಯಲಿಲ್ಲ, ಅವನೂ ನಕ್ಕ.

ಆ ಸಂಜೆ ಸೆವೆರಿನ್ ಮಂಚದ ಮುಂದೆ ನಿಂತು, ಕೆಮ್ಮಿ, ಕಿಟಕಿ ನೋಡಿ, ಮತ್ತೆ ಕೆಮ್ಮಿ ಹೇಳಿದ: "ಆಲ್ಫೆ, ಅಪ್ಪನ ಗುಡಿಸಲು ಖಾಲಿ ಇದೆ. ನೀ ಅಲ್ಲಿಗ್ ಹೋದ್ರೆ..."

ಆಲ್ಫೆ ಎದ್ದು ಕೂತ.

"ಹೋಗ್ಲಾ? ನಿಜ್ವಾಗ್ಲೂ?" ಎಂದ. "ನಂಗೂ ಈ ಒಲೆ ಸೆಕೆ ಸಾಕಾಗಿತ್ತು, ಅಣ್ಣ. ನಾ ಹೊರಟ್ರೆ ಅತ್ತಿಗೆ ನೊಂದ್ಕೋತಾಳಲ್ಲ ಅಂತ ಇದ್ದೆ. ಅಷ್ಟ್ ಪ್ರೀತಿಯಿಂದ ಬೈತಾಳೆ."

ಓಜೀತ್ ಸೌಟು ಹಿಡಿದು ನಿಂತಲ್ಲೇ ನಿಂತಳು.

ಆಲ್ಫೆ ದ್ವೀಪದಲ್ಲಿ ಸುಖವಾಗಿಯೇ ಇದ್ದ. ಸಿಗಡಿ ಹಿಡಿಯುವ ಬುಟ್ಟಿ ಹೆಣೆದ, ಮೈ ತುಂಬಿಕೊಂಡ. ಭಾನುವಾರಕ್ಕೊಮ್ಮೆ ಬಂದು ಇಬ್ಬರ ಊಟ ಉಂಡು ಹೋಗುತ್ತಿದ್ದ. ಓಜೀತ್ ಅವನನ್ನು ವಾರದ ಬಾಕಿಯೆಲ್ಲ ಸೇರಿಸಿ ಬೈದು ಕಳಿಸುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅಕ್ಕನ ಮನೆಗೆಂದು ಅವಳು ಮತ್ತೆ ದಕ್ಕೆಗೆ ಬಂದಾಗ ಸೆವೆರಿನ್ ಕೋಲು, ರಾಟೆ, ಹುರಿ ಎಲ್ಲವನ್ನೂ ಕೆಳಗಿನ ಕೋಣೆಗೆ ಹಾಕಿ ಬೀಗ ಜಡಿದ.

"ನೇರ ನಿನ್ ಅಕ್ಕನ ಮನೆಗೇ," ಎಂದ. "ದಾರೀಲಿ ಮೀನೂ ಇಲ್ಲ, ಮಾತೂ ಇಲ್ಲ."

"ಯಾರ್ ಕೇಳಿದ್ರು?" ಎನ್ನುತ್ತ ಓಜೀತ್ ತಿರುಗುಕುರ್ಚಿಯಲ್ಲಿ ಹಾಯಾಗಿ ಕೂತು ಕಾಲು ಚಾಚಿದಳು.