ರುಕ್ಮವ್ವ ತುಂಬಿದ ಟ್ರೇ

ರುಕ್ಮವ್ವನ ಕೈ ಓಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪೀಣ್ಯದ ಸ್ವಿಚ್ ಕಾರ್ಖಾನೆಯಲ್ಲಿ ಸ್ಪ್ರಿಂಗ್ ಕೂರಿಸುವ ಕೆಲಸ ಅವಳದು. ಅದನ್ನು ಕಲಿಸಿದವಳು ಪಕ್ಕದಲ್ಲೇ ಕೂರುತ್ತಿದ್ದ ದುರ್ಗವ್ವ. ಗಂಡ ಬಿಟ್ಟುಹೋದಾಗ ರುಕ್ಮವ್ವನನ್ನು ಕೊಪ್ಪಳದಿಂದ ಕರೆತಂದು ತನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡವಳೂ ಅವಳೇ. ಈಗ ದುರ್ಗವ್ವನ ಬೆರಳಿನ ಗಂಟುಗಳು ಊದಿಕೊಂಡಿದ್ದವು.

೨೦೧೧ರಲ್ಲಿ ಅಲ್ಲಿಗೆ ವಕ್ರಿಸಿದ ಶನಿ ನಾನು. ಒಬ್ಬೊಬ್ಬರ ಕೈವೇಗ ನೋಡಿ ಕೆಲಸ ಹಂಚುವ ಅಲ್ಗಾರಿದಮ್ ಬರೆದಿದ್ದೆ. ಕೈ ನಿಧಾನವಾದವರಿಗೆ ಅದು ಪ್ಯಾಕಿಂಗಿನಂಥ ಹಗುರ ಕೆಲಸ ಕೊಡುತ್ತಿತ್ತು. ಮಹದೇವಪುರದ ನಮ್ಮ ಆಫೀಸಿನಲ್ಲಿ ಬಾಸ್ ಹೇಳಿದ್ದರು: "ತೀರಾ ಕೆಟ್ಟ ದಿನದ ಲೆಕ್ಕ ಬೇಡ ಕೃಪಾ. ಮಾಮೂಲಿ ದಿನ ಅದು ಹೇಗೆ ಓಡುತ್ತೆ, ಅಳೆದು ತಾ."

ಒಬ್ಬೊಬ್ಬರ ಟ್ರೇ ತುಂಬಲು ಎಷ್ಟು ಹೊತ್ತು ಬೇಕೆಂದು ಹನ್ನೆರಡು ದಿನ ಸ್ಟಾಪ್‌ವಾಚ್ ಹಿಡಿದು ನಿಂತೆ. "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ" ಅಂದೆ. ಬುದ್ಧಿವಂತೆ ನಾನು! ನೆಂಟರು ಬಂದಾಗ ಯಾವ ಮನೆಯವರು ದಿನಾ ಇರುವ ಹಾಗೇ ಇರುತ್ತಾರೆ? ಯಾತಕ್ಕೆ ಅಳೆಯುತ್ತಿದ್ದೇನೆ ಎಂದು ಅವರಿಗೆ ಹೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಅಂಕಿಗಳು ಚೆನ್ನಾಗಿ ಬಂದವು. ನಿಧಾನದ ಕೈ ಒಂದೂ ಇರಲಿಲ್ಲ. ಆಫೀಸಿನಲ್ಲಿ ಚಪ್ಪಾಳೆ ಹೊಡೆದರು. ಪ್ರೋಗ್ರಾಮು ದುರ್ಗವ್ವನಿಗೆ ಸ್ಪ್ರಿಂಗ್ ಕೆಲಸವನ್ನೇ ಕೊಟ್ಟು, ರುಕ್ಮವ್ವನಿಂದ ದೂರದ ಸಾಲಿನಲ್ಲಿ ಕೂರಿಸಿತು. ಟಾರ್ಗೆಟ್ ಮುಟ್ಟಲಿಲ್ಲವೆಂದು ಮೂರೇ ತಿಂಗಳಿಗೆ ದುರ್ಗವ್ವನನ್ನು ಕೆಲಸದಿಂದ ತೆಗೆದರು.

ಸುದ್ದಿ ತಿಳಿದು ಓಡಿದೆ. ಗೇಟಿನಲ್ಲೇ ರುಕ್ಮವ್ವ ಸಿಕ್ಕಳು.

"ನೀವು ಆಕಡೆ ತಿರುಗಿದಾಗೆಲ್ಲ ಅಕ್ಕನ ಟ್ರೇ ನಾನೇ ತುಂಬತಿದ್ದೆ ರೀ. ಹೊರಗಿನವ್ರ ಮುಂದ ಆಕಿ ಮಾನ ಹೋಗಬಾರ್ದು ಅಂತ. ಈಗ ಬೆಳ್ಳಂದೂರಾಗ ಇಟ್ಟಿಗಿ ಹೊರಾಕ ಹೋಗ್ಯಾಳ. ಆ ಕೈಯಾಗ!"

ಒಳಗೆ ಹೋಗಿ ಮಾಲೀಕ ವೆಂಕಟೇಶಪ್ಪನವರಿಗೆ, "ನನ್ನ ಅಳತೆಯೇ ತಪ್ಪು ಸಾರ್, ದುರ್ಗವ್ವನ್ನ ವಾಪಸ್ ಕರೀರಿ, ಮತ್ತೆ ಅಳೀತೀನಿ" ಅಂದೆ.

"ಯಾಕ್ ಮೇಡಂ? ಆ ಸೀಟಿಗೆ ಬೇರೆಯೋರು ಬಂದಾಯ್ತು. ಎಲ್ಲಾರೂ ಟಾರ್ಗೆಟ್ ಮುಟ್ತಾವ್ರೆ. ನಿಮ್ಮ ಲೆಕ್ಕ ಕರೆಕ್ಟಾಗೇ ಐತಲ್ಲ."

ಅವಳನ್ನು ಹೊರಗೆ ಹಾಕಿದ ಮೇಲೆ ಲೆಕ್ಕ ಸರಿಹೋಗದೆ ಇನ್ನೇನಾದೀತು?

ರುಕ್ಮವ್ವ ಗೇಟಿನಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಮೇಡಂ, ನಾ ನನ್ನ ಪಾಡಿಗೆ ಸುಮ್ನ ಕುಂತಿದ್ರ ಅಕ್ಕನ ಕೆಲಸ ಉಳೀತಿತ್ತೇನ್ರಿ?"

ಉಳಿಯುತ್ತಿತ್ತು. ಪ್ಯಾಕಿಂಗಿನಲ್ಲಿ ಆರಾಮಾಗಿ ಕೂತಿರುತ್ತಿದ್ದಳು.

"ಇಲ್ಲ ರುಕ್ಮವ್ವ" ಅಂದೆ.

ಅವಳು ನಂಬಲಿಲ್ಲ. ತನ್ನ ಎರಡೂ ಕೈಗಳನ್ನು ನೋಡಿಕೊಂಡು ಗೊಳೋ ಎಂದು ಅತ್ತಳು.