ಸಹಿ ಹಾಕದ ಪುಂಡಲೀಕ ಮಾವ

ಬಂದ್ ಎಂದರೆ ಪುಂಡಲೀಕ ಮಾವನ ಗಾಡಿ ಸರಾಗವಾಗಿ ಓಡಲಿ ಎಂದು ಇಡೀ ಕಲ್ಕತ್ತ ರಸ್ತೆ ಬಿಟ್ಟುಕೊಡುವ ಹಬ್ಬ ಎಂದೇ ಏಳು ವರ್ಷದವರೆಗೂ ನಂಬಿದ್ದೆ. ಬಸ್ಸಿಲ್ಲ, ಟ್ರಾಮಿಲ್ಲ, ಮಾವನ ಆಂಬುಲೆನ್ಸ್ ಮಾತ್ರ ಗಂಟೆ ಬಾರಿಸುತ್ತ ಹೋಗುತ್ತಿತ್ತು. ರಸ್ತೆ ತಡೆಯಲು ಕೂತ ಹುಡುಗರು ಕೂಡ ಎದ್ದು ದಾರಿ ಬಿಡುತ್ತಿದ್ದರು. ಆ ಹಬ್ಬ ಮಾವನ ಹುಟ್ಟುಹಬ್ಬವೇ, ಅದು ವರ್ಷಕ್ಕೆ ಐದಾರು ಸಲ ಬರುತ್ತದೆ ಎಂದು ಶಾಲೆಯಲ್ಲಿ ವಾದಿಸಿ ಪೆಟ್ಟು ತಿಂದವನು ನಾನು.

ಮಾವ ಅಮ್ಮನ ತಮ್ಮ. ಅಪ್ಪನಿಗೆ ಇಲ್ಲಿಯ ಬ್ಯಾಂಕಿನಲ್ಲಿ ಕೆಲಸವಾದಾಗ ಅಕ್ಕನ ಬೆನ್ನಿಗೆ ಉಡುಪಿಯಿಂದ ಬಂದವರು ಇಲ್ಲೇ ಉಳಿದರು. ಆಸ್ಪತ್ರೆ ಮುಟ್ಟುವ ತನಕ ರೋಗಿಯ ಪಕ್ಕ ಕೂತು ಜೀವ ಹಿಡಿದಿಡುವುದು ಅವರ ಕೆಲಸ.

ತೊಂಬತ್ತನಾಲ್ಕರ ಬೇಸಗೆಯಲ್ಲಿ ಎಸ್ಪ್ಲನೇಡಿನ ಹತ್ತಿರ ಮೆರವಣಿಗೆಯೊಂದು ಗಾಡಿಯನ್ನು ತಡೆಯಿತು. ಒಳಗೆ ಹೆರಿಗೆಯ ಹೆಂಗಸು, ನಿಲ್ಲದ ರಕ್ತಸ್ರಾವ. ಹೊರಗೆ ತಲೆತಿರುಗಿ ಬಿದ್ದ ಮೆರವಣಿಗೆಯ ನಾಯಕ.

"ಪುಂಡಲೀಕ್‌ದಾ, ಅವಳನ್ನು ಇಳಿಸಿ. ಮೊದಲು ಇವರು" ಎಂದರು ಮಾವನನ್ನು ಬಂಗಾಳಿಯಲ್ಲಿ 'ದಾ', ಅಣ್ಣ, ಎಂದೇ ಕರೆಯುತ್ತಿದ್ದ ಮೆರವಣಿಗೆಯ ಹುಡುಗರು.

ಮಾವ ಇಳಿದು ನಾಯಕನ ನಾಡಿ ನೋಡಿದರು. "ಬಿಸಿಲು ತಾಗಿದೆ, ಅಷ್ಟೇ. ನೆರಳಲ್ಲಿ ಮಲಗಿಸಿ, ಉಪ್ಪು ಸಕ್ಕರೆ ಹಾಕಿ ನೀರು ಕೊಡಿ."

"ನಾಯಕರನ್ನು ಬೀದಿಯಲ್ಲಿ ಬಿಟ್ಟು ಹೋಗ್ತೀರಾ?"

"ಅವರಾಗಿಯೇ ಬೀದಿಗೆ ಬಂದದ್ದಲ್ಲವಾ?" ಎಂದವರೇ ಬಾಗಿಲು ಹಾಕಿಕೊಂಡು ಹೊರಟರು.

ದೂರು ಹೋಯಿತು. 'ನನ್ನಿಂದ ತಪ್ಪಾಯಿತು' ಎಂದು ಬರೆದ ಕಾಗದ ಆಫೀಸಿನಲ್ಲಿ ತಯಾರಾಗಿತ್ತು, ಸಹಿಯೊಂದು ಬಾಕಿ. ಮಾವ ಹಾಕಲಿಲ್ಲ. ಅವರನ್ನು ಹೆಣದ ಗಾಡಿಗೆ ಹಾಕಿದರು. ಸಹಿ ಮಾಡಿದ ದಿನ ಆಂಬುಲೆನ್ಸಿಗೆ ವಾಪಸ್ ಎಂದರು.

ಅಲ್ಲಿಂದ ಶುರುವಾಯಿತು ಮಾವನ ಹೆಂಡತಿ ರಾಜೀವಿ ಅತ್ತೆಯ ಪಾಡು. ಹೆಣ ಮುಟ್ಟಿ ಬಂದವರು ಮೀಯದೆ ಹೊಸಿಲು ದಾಟುವಂತಿಲ್ಲ. ಮಾಘದ ಚಳಿಯಲ್ಲೂ ವಠಾರದ ನಲ್ಲಿಯ ಕೆಳಗೆ ಮಾವ ಕೂರುತ್ತಿದ್ದರು, ಇಬ್ಬರು ಹೆಣ್ಣುಮಕ್ಕಳು ಅಪ್ಪನನ್ನು ಮುಟ್ಟಲು ಬಾಗಿಲಲ್ಲೇ ಕಾಯುತ್ತಿದ್ದರು.

"ಒಂದು ಸಹಿ ಹಾಕಿದ್ರೆ ನಿಮ್ಮ ಕೈ ಬಿದ್ದು ಹೋಗ್ತದಾ?" ಎಂದು ಅತ್ತೆ ನೀರು ಹೊಯ್ಯುತ್ತಲೇ ಬೈಯುತ್ತಿದ್ದರು.

"ಸೋಪು ಕೊಡು ಮಾರಾಯ್ತಿ, ಚಳಿ ಆಗ್ತದೆ."

ಒಂಬತ್ತು ವರ್ಷ ಹಾಗೆಯೇ ನಡೆಯಿತು. ಪ್ರತಿ ಹೆಣದ ನಾಡಿಯನ್ನೂ ಮಾವ ಒಮ್ಮೆ ಮುಟ್ಟಿ ನೋಡುತ್ತಿದ್ದರಂತೆ. "ಡಾಕ್ಟರೇ ಬರೆದುಕೊಟ್ಟಿದ್ದಾರಲ್ಲ" ಎಂದು ಡ್ರೈವರ್ ನಕ್ಕರೆ, "ಅವರು ಅವರ ಕೆಲಸ ಮಾಡಿದ್ದಾರೆ" ಎನ್ನುತ್ತಿದ್ದರು. ನಿವೃತ್ತಿಯ ದಿನವೂ ಅದೇ ಕಾಗದ ಮೇಜಿನ ಮೇಲಿತ್ತು. ಹಳದಿಯಾಗಿತ್ತಂತೆ. ಮಾವ ಹಾರ ಬೇಡವೆಂದು ಬಸ್ಸು ಹತ್ತಿದರು.

ನಾನಾದರೋ ಸೆಕ್ಟರ್ ಫೈವಿನ ಕಂಪೆನಿಯೊಂದರಲ್ಲಿ ಗಿರಾಕಿಗಳ ದೂರುಗಳಿಗೆ ಉತ್ತರ ಬರೆಯುವವನು. ಮಾಡದ ತಪ್ಪಿಗೆ ದಿನಕ್ಕೆ ನಲವತ್ತು ಸಲ ಕ್ಷಮೆ ಕೇಳುತ್ತೇನೆ. ಅದಕ್ಕೇ ಸಂಬಳ, ಚೆನ್ನಾಗಿ ಕೇಳಿದರೆ ಬೋನಸ್ಸು. ಆಫೀಸಿಗೆ ಹೋಗಿಬರುವ ಕ್ಯಾಬಿನಲ್ಲಿ ಮಾವನ ಕಥೆಯನ್ನು ಎಷ್ಟೋ ಸಲ ಹೇಳಿ ಮೆರೆದಿದ್ದೆ, ತಾಯಿ ಮಗು ಇಬ್ಬರೂ ಉಳಿದರು ಎಂದು ನಾನೇ ಸೇರಿಸಿಕೊಂಡು. ಹೋದ ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಹೊಳೆಯಿತು, ಅದನ್ನು ನನಗೆ ಯಾರೂ ಹೇಳಿರಲಿಲ್ಲ.

"ಮಾವ, ಆ ಹೆಂಗಸು ಬದುಕಿದಳಲ್ಲ?"

ಅತ್ತೆಯ ಸೌಟು ನಿಂತಿತು. ಅವರಿಗೂ ಗೊತ್ತಿರಲಿಲ್ಲ.

"ಇಲ್ಲ. ದಾರಿಯಲ್ಲೇ ಹೋದಳು, ಮಗುವೂ" ಎಂದರು ಮಾವ. "ಅದಕ್ಕೆ? ನಾಳೆ ಗಾಡಿ ನಿಲ್ಲಿಸಿದ್ರೂ ನಾನು ಅವಳನ್ನು ಇಳಿಸುದಿಲ್ಲ."